ಹೊಲದ ನಕ್ಷೆಗೆ ಜ್ಯಾಮಿತಿ ಅಲ್ಗಾರಿದಂ: ಎಡ-ಬಲದಿಂದ ಶುರು ಮಾಡಿ

ವಿಜಯಪುರದಲ್ಲಿ ಕೂತು ಹೊಲ, ತೋಟ, ಪೈಪ್‌ಲೈನ್‌ಗಳ ನಕ್ಷೆಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಇಂಡಿ ಕಡೆಯ ನಿಂಬೆ ತೋಟ, ತಿಕೋಟಾ ಕಡೆಯ ದ್ರಾಕ್ಷಿ ತೋಟ, ಕೃಷ್ಣೆಯ ದಂಡೆಯ ಕಬ್ಬಿನ ಹೊಲ, ಹೀಗೆ. ಎಂಜಿನಿಯರಿಂಗ್ ಮುಗಿಸಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಸಾರ್ಟಿಂಗ್, ಟ್ರೀ, ಗ್ರಾಫ್ ಎಲ್ಲ ಓದಿಕೊಂಡೇ ಬರುತ್ತಾರೆ. ಆದರೆ "ಈ ಬೋರ್‌ವೆಲ್ ಈ ಹೊಲದ ಒಳಗಿದೆಯಾ, ಹೊರಗಿದೆಯಾ, ಪ್ರೋಗ್ರಾಂ ಬರೆದು ಹೇಳು" ಎಂದರೆ ಕೋನ ಲೆಕ್ಕ ಹಾಕಲು ಹೊರಡುತ್ತಾರೆ. ಸೈನ್, ಕಾಸ್, ಟ್ಯಾನ್ ಎಲ್ಲ ಬರುತ್ತವೆ. ಇಳಿಜಾರು ಕಂಡುಹಿಡಿಯಲು ಭಾಗಾಕಾರ ಬರುತ್ತದೆ, ನೆಟ್ಟಗೆ ನಿಂತ ಗೆರೆ ಸಿಕ್ಕ ಕೂಡಲೇ ಸೊನ್ನೆಯಿಂದ ಭಾಗಿಸಿ ಪ್ರೋಗ್ರಾಂ ನಿಂತುಹೋಗುತ್ತದೆ.

ಅದರಲ್ಲಿ ಯಾವುದೂ ಬೇಡ. ಈ ವಿಷಯದಲ್ಲಿ ವೇಗವಾಗಿ ಓಡುವ ಬಹುಪಾಲು ಅಲ್ಗಾರಿದಂಗಳು ಎರಡೇ ಕೆಲಸದ ಮೇಲೆ ನಿಂತಿವೆ. ಒಂದು, ಮೂರು ಬಿಂದು ಕೊಟ್ಟರೆ ದಾರಿ ಎಡಕ್ಕೆ ತಿರುಗಿತೋ ಬಲಕ್ಕೋ ಎಂದು ಹೇಳುವ ಒಂದು ಸಾಲಿನ ಲೆಕ್ಕ. ಇನ್ನೊಂದು, ಬಿಂದುಗಳನ್ನು ಮೊದಲು ಸಾರ್ಟ್ ಮಾಡಿ, ಆಮೇಲೆ ಅಕ್ಕಪಕ್ಕದವನ್ನು ಮಾತ್ರ ನೋಡುವುದು. ಮೊದಲನೆಯದನ್ನು ಪೂರ್ಣಾಂಕದಲ್ಲಿ, ಒಂದು ಚೂರೂ ತಪ್ಪಿಲ್ಲದೆ ಬರೆದುಕೊಂಡರೆ ಉಳಿದ ದಾರಿ ಸಲೀಸು. ಅದು ಅಲುಗಾಡುತ್ತಿದ್ದರೆ ಎಷ್ಟು ದೊಡ್ಡ ಹೆಸರಿನ ಅಲ್ಗಾರಿದಂ ತಂದರೂ ಉಪಯೋಗವಿಲ್ಲ.

ಡಿಗ್ರಿ ಬಿಟ್ಟು ಸೆಂಟಿಮೀಟರ್‌ಗೆ ಬನ್ನಿ

ಮೊಬೈಲ್ ಹಿಡಿದು ಬದುವಿನ ಮೇಲೆ ನಡೆದರೆ ಸಿಗುವುದು ಅಕ್ಷಾಂಶ, ರೇಖಾಂಶ. ಅವನ್ನೇ ನೇರವಾಗಿ ಎಕ್ಸ್, ವೈ ಎಂದು ಹಾಕಬೇಡಿ. ವಿಜಯಪುರ 16.83 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 110.7 ಕಿ.ಮೀ. ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 106.6 ಕಿ.ಮೀ. ಮಾತ್ರ. ಎರಡೂ ಒಂದೇ ಎಂದು ಹಿಡಿದರೆ ಎಕರೆಗೆ ಒಂದೂವರೆ ಗುಂಟೆ ಜಾಸ್ತಿ ಬರುತ್ತದೆ. ಆ ಒಂದೂವರೆ ಗುಂಟೆಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮ ಕಡೆ ಎಷ್ಟಿಲ್ಲ?

ಒಂದೇ ಹೊಲವಾದರೆ ದಾರಿ ಸುಲಭ. ಹೊಲದ ನೈಋತ್ಯದ ಮೂಲೆಯನ್ನು ಸೊನ್ನೆ, ಸೊನ್ನೆ ಎಂದು ಇಟ್ಟುಕೊಳ್ಳಿ. ಪ್ರತಿ ಬಿಂದುವಿನಿಂದ ಅದನ್ನು ಕಳೆದು, ಮೇಲಿನ ಎರಡು ಅಂಕಿಗಳನ್ನು ಮೀಟರ್‌ಗೆ ತಂದು ಅವುಗಳಿಂದ ಗುಣಿಸಿ. ಇಡೀ ತಾಲ್ಲೂಕು, ಜಿಲ್ಲೆಯ ಕೆಲಸವಾದರೆ, ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಮಾಡಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43ನೇ ವಲಯ ಬಳಸಿ. ಅದು 72 ರಿಂದ 78 ಡಿಗ್ರಿ ಪೂರ್ವದವರೆಗೆ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಪೂರ್ತಿ ಅದರೊಳಗೇ ಬರುತ್ತವೆ.

ಮೀಟರ್ ಸಿಕ್ಕ ಮೇಲೆ ನೂರರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ಸರಿಮಾಡಿ. ಈಗ ಎಲ್ಲವೂ ಸೆಂಟಿಮೀಟರ್‌ನಲ್ಲಿದೆ, ದಶಾಂಶ ಇಲ್ಲ. "ನಿಖರತೆ ಕಳೆದುಹೋಗಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಮೊಬೈಲ್ ಜಿಪಿಎಸ್ ಬಟಾ ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದರ ಮುಂದೆ ಅರ್ಧ ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ. ಬದಲಿಗೆ ಸಿಗುವುದು ದೊಡ್ಡದು: ಕೂಡಿಸು, ಕಳೆ, ಗುಣಿಸು ಮೂರರಲ್ಲೂ ಎಳ್ಳಷ್ಟೂ ತಪ್ಪು ಬರುವುದಿಲ್ಲ.

ಒಂದು ಎಚ್ಚರಿಕೆ. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಅದರ ವರ್ಗಮೂಲ 46,340. ಅಂದರೆ ಎರಡು ಬಿಂದುಗಳ ನಡುವೆ 463 ಮೀಟರ್ ದಾಟಿದರೆ ಸೆಂಟಿಮೀಟರ್‌ಗಳ ಗುಣಾಕಾರ ಉಕ್ಕಿ ಹರಿಯಬಹುದು. ಸಣ್ಣ ಹೊಲದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ದೊಡ್ಡ ಹೊಲ ಬಂದ ದಿನ ಸದ್ದಿಲ್ಲದೆ ಸುಳ್ಳು ಹೇಳುವುದು ಹೀಗೇ. ಜಾವಾ, ಸಿ ಪ್ಲಸ್ ಪ್ಲಸ್‌ನಲ್ಲಿ 64 ಬಿಟ್‌ನದನ್ನೇ ಬಳಸಿ. ಪೈಥಾನ್‌ನ ಸ್ವಂತ ಪೂರ್ಣಾಂಕಕ್ಕೆ ಮಿತಿ ಇಲ್ಲ. ಆದರೆ ವಿಂಡೋಸ್‌ನಲ್ಲಿ ನಮ್‌ಪೈ 2.0 (ಪೈಥಾನ್‌ನ ಅಂಕಿ ಲೆಕ್ಕದ ಲೈಬ್ರರಿ) ಬರುವ ಮೊದಲಿನ ಆವೃತ್ತಿಗಳು ತಾವಾಗಿಯೇ 32 ಬಿಟ್ ಹಿಡಿಯುತ್ತಿದ್ದವು. ಲ್ಯಾಬಿನ ಹಳೇ ಕಂಪ್ಯೂಟರ್‌ಗಳಲ್ಲಿ ಅವು ಇನ್ನೂ ಇರಬಹುದು, ನೋಡಿಕೊಳ್ಳಿ.

ಎಡಕ್ಕೋ ಬಲಕ್ಕೋ

ಅ ಎಂಬಲ್ಲಿಂದ ಬ ಕಡೆಗೆ ನಡೆದಿರಿ, ಅಲ್ಲಿಂದ ಕ ಕಡೆಗೆ ಹೊರಟಿರಿ. ಎಡಕ್ಕೆ ಹೊರಳಿದಿರೋ, ಬಲಕ್ಕೋ, ನೆಟ್ಟಗೇ ಹೋದಿರೋ? ಲೆಕ್ಕ ಇಷ್ಟೇ:

ತಿರುವು(ಅ, ಬ, ಕ) = (ಬ.ಎಕ್ಸ್ − ಅ.ಎಕ್ಸ್) × (ಕ.ವೈ − ಅ.ವೈ) − (ಬ.ವೈ − ಅ.ವೈ) × (ಕ.ಎಕ್ಸ್ − ಅ.ಎಕ್ಸ್)

ಉತ್ತರ ಪ್ಲಸ್ ಬಂದರೆ ಎಡ. ಮೈನಸ್ ಬಂದರೆ ಬಲ. ಸೊನ್ನೆ ಬಂದರೆ ಮೂರೂ ಒಂದೇ ಗೆರೆಯ ಮೇಲಿವೆ. ಭಾಗಾಕಾರ ಇಲ್ಲ, ವರ್ಗಮೂಲ ಇಲ್ಲ. ಇನ್ನೂ ಒಂದು ಲಾಭವಿದೆ: ಪ್ಲಸ್ ಮೈನಸ್ ಬಿಟ್ಟರೆ, ಬಂದ ಸಂಖ್ಯೆ ಆ ಮೂರು ಬಿಂದುಗಳ ತ್ರಿಕೋನದ ಕ್ಷೇತ್ರಫಲದ ಎರಡರಷ್ಟು.

ಒಂದು ಹೊಲ ತೆಗೆದುಕೊಳ್ಳೋಣ. ಓದಲು ಸುಲಭವಾಗಲಿ ಎಂದು ಮೀಟರ್‌ನಲ್ಲೇ ಬರೆಯುತ್ತೇನೆ. ಅ (0, 0), ಬ (62, 4), ಕ (70, 58), ಡ (31, 45), ಇ (3, 66). ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿದ ಐದು ಮೂಲೆಗಳು. ಕಾಗದದ ಮೇಲೆ ಗೀಚಿ ನೋಡಿ. ಮೇಲಿನ ಬದು ಡ ಹತ್ತಿರ ಒಳಗೆ ಬಾಗಿದೆ. ಇಂಥ ಹೊಲಗಳೇ ನಮ್ಮ ಕಡೆ ಜಾಸ್ತಿ. ಇಂಡಿ ತಾಲ್ಲೂಕಿನ ಹಿರಿಯರೊಬ್ಬರು ನನ್ನ ಜೊತೆ ಬದುವಿನ ಮೇಲೆ ನಡೆಯುತ್ತಾ, "ತಮ್ಮಾ, ಈ ಮೂಲ್ಯಾಗ ಹಳ್ಳ ಒಳಗ ಬಂದೈತಿ, ಅದನ್ನ ಬಿಡಬ್ಯಾಡ" ಎಂದಿದ್ದರು. ಹಳ್ಳ ಒಳಗೆ ಬಂದ ಮೂಲೆಯನ್ನು ಗುರುತಿಸುವುದೇ ಈ ತಿರುವಿನ ಕೆಲಸ.

ಕ, ಡ, ಇ ಹಾಕಿ ನೋಡಿ: (31 − 70) × (66 − 58) − (45 − 58) × (3 − 70). ಅಂದರೆ −312 − 871, ಒಟ್ಟು −1183. ಮೈನಸ್. ಉಳಿದ ನಾಲ್ಕೂ ಮೂಲೆಗಳಲ್ಲಿ ಪ್ಲಸ್ ಬರುತ್ತದೆ. ಎಡಕ್ಕೇ ಸುತ್ತುತ್ತಾ ಬಂದವರು ಡ ಹತ್ತಿರ ಮಾತ್ರ ಬಲಕ್ಕೆ ಹೊರಳಿದ್ದೇವೆ. ಈ 1183 ಅನ್ನು ಮರೆಯಬೇಡಿ, ಮತ್ತೆ ಬರುತ್ತದೆ.

ಕ್ಷೇತ್ರಫಲ

ಇದು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಪ್ರತಿ ಅಂಚಿಗೂ, ಮೊದಲನೆಯದರ ಎಕ್ಸ್ ಗುಣಿಸು ಎರಡನೆಯದರ ವೈ, ಅದರಿಂದ ಎರಡನೆಯದರ ಎಕ್ಸ್ ಗುಣಿಸು ಮೊದಲನೆಯದರ ವೈ ಕಳೆಯಿರಿ. ಎಲ್ಲ ಕೂಡಿಸಿ ಅರ್ಧ ಮಾಡಿ. ನಮ್ಮ ಹೊಲಕ್ಕೆ 0 + 3316 + 1352 + 1911 + 0 = 6579. ಅರ್ಧ ಮಾಡಿದರೆ 3289.5 ಚದರ ಮೀಟರ್. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ, ಅಂದರೆ ಸುಮಾರು 101.17 ಚದರ ಮೀಟರ್. ಹದಿನಾರು ಆಣೆಗೆ ಒಂದು ಗುಂಟೆ, ಹೀಗಾಗಿ ಹೊಲ 32 ಗುಂಟೆ 8 ಆಣೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬರೆದ ಅಂಕಿಯ ಜೊತೆ ಹೋಲಿಸಲು ಇದೇ ರೂಪ ಬೇಕು, ಚದರ ಮೀಟರ್ ತೋರಿಸಿದರೆ ರೈತರಿಗೆ ಏನೂ ಹೇಳಿದಂತಾಗುವುದಿಲ್ಲ.

ಯುಟಿಎಂ ಅಂಕಿಗಳನ್ನು ದಶಾಂಶದಲ್ಲಿ ಹಾಗೇ ಗುಣಿಸುವವರು ಮೊದಲ ಮೂಲೆಯನ್ನು ಎಲ್ಲದರಿಂದ ಕಳೆದುಕೊಳ್ಳಿ. ಉತ್ತರ ದಿಕ್ಕಿನ ಅಂಕಿ ನಮ್ಮಲ್ಲಿ 18 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳನ್ನು ಗುಣಿಸಿ, ಕಳೆದು, ಕೊನೆಗೆ ಸಣ್ಣ ಉತ್ತರ ತೆಗೆದರೆ ಕೊನೆಯ ಅಂಕಿಗಳು ಸವೆದುಹೋಗುತ್ತವೆ.

ಒಳಗೋ ಹೊರಗೋ

ಬಿಂದುವಿನಿಂದ ಬಲಗಡೆಗೆ ಒಂದು ನೇರ ಗೆರೆ ಎಳೆಯಿರಿ. ಅದು ಹೊಲದ ಅಂಚುಗಳನ್ನು ಎಷ್ಟು ಸಲ ದಾಟುತ್ತದೆ ಎಣಿಸಿ. ಬೆಸ ಬಂದರೆ ಒಳಗೆ, ಸರಿ ಬಂದರೆ ಹೊರಗೆ. (31, 55) ನೋಡಿ. ಅದರ ಗೆರೆ ಬ-ಕ ಅಂಚನ್ನೂ ಕ-ಡ ಅಂಚನ್ನೂ ದಾಟುತ್ತದೆ. ಎರಡು, ಹೊರಗೆ. ಸರಿಯೇ, ಅದು ಹಳ್ಳದ ಜಾಗ.

ಕಷ್ಟ ಬರುವುದು ಗೆರೆ ಮೂಲೆಯ ಮೇಲೇ ಹಾದುಹೋದಾಗ. (10, 4) ಎಂಬ ಬಿಂದು ಹೊಲದ ಒಳಗಿದೆ. ಅದರ ಬಲಗಡೆಯ ಗೆರೆ ಸರಿಯಾಗಿ ಬ ಮೂಲೆಗೆ ಬಡಿಯುತ್ತದೆ. ಅ-ಬ ಅಂಚಿಗೊಮ್ಮೆ, ಬ-ಕ ಅಂಚಿಗೊಮ್ಮೆ ಎಣಿಸಿದರೆ ಎರಡು, ಒಳಗಿನ ಬಿಂದು ಹೊರಗೆ ಹೋಯಿತು! "ಮೂಲೆಯನ್ನು ಒಂದೇ ಸಲ ಎಣಿಸೋಣ" ಎಂದರೆ ಇಲ್ಲಿ ಸರಿಯಾಗುತ್ತದೆ, ಆದರೆ (10, 45) ಕೆಡುತ್ತದೆ. ಅದೂ ಒಳಗಿನ ಬಿಂದು, ಅದರ ಗೆರೆ ಡ ಮೂಲೆಯನ್ನು ಸವರಿ ಮುಂದೆ ಬ-ಕ ದಾಟುತ್ತದೆ. ಡ ಒಂದು, ಬ-ಕ ಒಂದು, ಒಟ್ಟು ಎರಡು. ಮತ್ತೆ ತಪ್ಪು.

ನಿಯಮ ಹೀಗಿಡಿ: ಅಂಚಿನ ಒಂದು ತುದಿಯ ವೈ ನಮ್ಮ ಬಿಂದುವಿನ ವೈಗಿಂತ ದೊಡ್ಡದಿರಬೇಕು, ಇನ್ನೊಂದು ತುದಿಯದು ದೊಡ್ಡದಿರಬಾರದು. ಆಗ ಮಾತ್ರ ಎಣಿಸಿ. ಸಮ ಇದ್ದರೆ "ದೊಡ್ಡದಲ್ಲ" ಎಂದೇ ಲೆಕ್ಕ. (10, 4) ಗೆ ಅ-ಬ ಅಂಚಿನ ಎರಡೂ ತುದಿ ದೊಡ್ಡದಲ್ಲ, ಬಿಡಿ. ಬ-ಕ ಎಣಿಕೆಗೆ ಬಂತು. ಒಂದು, ಒಳಗೆ. (10, 45) ಗೆ ಬ-ಕ, ಕ-ಡ, ಡ-ಇ ಮೂರೂ ಬಂದವು. ಮೂರು, ಒಳಗೆ. ಯಾವ ವಿಶೇಷ ಸಂದರ್ಭವನ್ನೂ ಬೇರೆ ಬರೆಯದೆ ಎಲ್ಲ ಸರಿಹೋಯಿತು. ಈ ಒಂದು ನಿಯಮ ನನಗೆ ಇಡೀ ವಿಷಯದಲ್ಲೇ ಬಹಳ ಇಷ್ಟವಾದದ್ದು.

ಅಂಚು ಬಿಂದುವಿನ ಬಲಕ್ಕಿದೆಯೋ ಎಡಕ್ಕಿದೆಯೋ ತಿಳಿಯಲು ಛೇದದ ಎಕ್ಸ್ ಲೆಕ್ಕ ಹಾಕಬೇಡಿ, ಅದರಲ್ಲಿ ಭಾಗಾಕಾರ ಬರುತ್ತದೆ. ಅಂಚಿನ ಕೆಳತುದಿ, ಮೇಲುತುದಿ, ಬಿಂದು, ಈ ಕ್ರಮದಲ್ಲಿ ತಿರುವು ಕೇಳಿ. ಪ್ಲಸ್ ಬಂದರೆ ಬಿಂದು ಅಂಚಿನ ಎಡಕ್ಕಿದೆ, ಅಂದರೆ ಗೆರೆ ಅಂಚನ್ನು ದಾಟುತ್ತದೆ. ಬಿಂದು ಬದುವಿನ ಮೇಲೇ ಇದ್ದರೆ ತಿರುವು ಸೊನ್ನೆ. ಅದನ್ನು ಮೊದಲೇ ಬೇರೆ ನೋಡಿ "ಬದುವಿನ ಮೇಲೆ" ಎಂಬ ಮೂರನೇ ಉತ್ತರ ಕೊಡಿ. ಬಾಂದು ಕಲ್ಲಿನ ಹತ್ತಿರದ ಬಾವಿ ಯಾರದು ಎಂಬ ಪ್ರಶ್ನೆಗೆ ಪ್ರೋಗ್ರಾಂ ತಾನೇ ತೀರ್ಪು ಕೊಡುವುದು ಬೇಡ.

ಸಾವಿರಾರು ಹೊಲಗಳಿದ್ದರೆ ಪ್ರತಿ ಹೊಲಕ್ಕೂ ಇದನ್ನು ಓಡಿಸಬೇಡಿ. ಪ್ರತಿ ಹೊಲಕ್ಕೆ ಎಡ, ಬಲ, ಕೆಳ, ಮೇಲಿನ ಮಿತಿ ಬರೆದಿಟ್ಟು, ಅದರೊಳಗೆ ಬಿಂದು ಬಂದರೆ ಮಾತ್ರ ಮುಂದುವರಿಯಿರಿ. ಆ ಆಯತಗಳನ್ನೇ ಮರದ ರೂಪದಲ್ಲಿ ಜೋಡಿಸುವುದು ಆರ್-ಟ್ರೀ. 1984ರಲ್ಲಿ ಗಟ್‌ಮನ್ ಕೊಟ್ಟದ್ದು. ಪೋಸ್ಟ್‌ಜಿಐಎಸ್‌ನಲ್ಲಿ (ನಕ್ಷೆಗಳ ಡೇಟಾಬೇಸ್) ಇಂಡೆಕ್ಸ್ ಹಾಕಿದರೆ ಅದೇ ರೀತಿಯ ಮರ ನಿಮಗಾಗಿ ಕಟ್ಟಿಕೊಳ್ಳುತ್ತದೆ.

ಹೊರಗಿನ ಸುತ್ತು: ಕಾನ್ವೆಕ್ಸ್ ಹಲ್

ಡ್ರೋನ್ ಫೋಟೋದಿಂದ ಗಿಡಗಳ ಬಿಂದುಗಳು ಸಿಕ್ಕಿವೆ, ಎಲ್ಲವನ್ನೂ ಒಳಗೊಳ್ಳುವ ಕಡಿಮೆ ಸುತ್ತಳತೆಯ ಬೇಲಿ ಬೇಕು. ಅದೇ ಕಾನ್ವೆಕ್ಸ್ ಹಲ್. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಹತ್ತು ಸಾವಿರದಷ್ಟು ಬಿಂದುಗಳಿಗೆ ಇದು ಬೇಕಾಗಿತ್ತು, ಆಗ ಇದ್ದ ವಿಧಾನ ಬಿಂದುಗಳ ವರ್ಗದಷ್ಟು ಸಮಯ ತಿನ್ನುತ್ತಿತ್ತು. ಅದಕ್ಕೆ ಉತ್ತರವಾಗಿ ರೊನಾಲ್ಡ್ ಗ್ರಹಾಂ 1972ರಲ್ಲಿ ಎನ್ ಲಾಗ್ ಎನ್ ಸಮಯದ (ಬಿಂದುಗಳ ಸಂಖ್ಯೆ ಎನ್ ಗುಣಿಸು ಅದರ ಲಾಗರಿದಂನಷ್ಟು) ಅಲ್ಗಾರಿದಂ ಪ್ರಕಟಿಸಿದರು. ಅದರಲ್ಲಿ ಬಿಂದುಗಳನ್ನು ಕೋನದ ಪ್ರಕಾರ ಸಾರ್ಟ್ ಮಾಡಬೇಕು. 1979ರಲ್ಲಿ ಆಂಡ್ರ್ಯೂ ಅದನ್ನು ಇನ್ನೂ ಸರಳ ಮಾಡಿದರು: ಎಕ್ಸ್ ಪ್ರಕಾರ ಸಾರ್ಟ್ ಮಾಡಿದರೆ ಸಾಕು, ಎಕ್ಸ್ ಒಂದೇ ಆದರೆ ವೈ ಪ್ರಕಾರ. ನಾನು ಕಲಿಸುವುದು ಇದನ್ನೇ.

ನಮ್ಮ ಐದು ಮೂಲೆಗಳನ್ನು ಸಾರ್ಟ್ ಮಾಡಿ: ಅ, ಇ, ಡ, ಬ, ಕ. ಕೆಳಗಿನ ಅರ್ಧ ಮೊದಲು. ಒಂದು ಸ್ಟ್ಯಾಕ್ ಇಟ್ಟುಕೊಳ್ಳಿ, ಅಂದರೆ ಕೊನೆಗೆ ಹಾಕಿದ್ದನ್ನೇ ಮೊದಲು ತೆಗೆಯುವ ಪಟ್ಟಿ. ಅ ಹಾಕಿ, ಇ ಹಾಕಿ. ಈಗ ಡ ಬಂತು. ತಿರುವು(ಅ, ಇ, ಡ) = −1911. ಬಲಕ್ಕೆ ಹೊರಳಿತು, ಹಾಗಾದರೆ ನಡುವಿನ ಇ ಕೆಳಗಿನ ಬೇಲಿಯ ಮೇಲಿಲ್ಲ. ತೆಗೆದು ಡ ಹಾಕಿ. ಬ ಬಂತು. ತಿರುವು(ಅ, ಡ, ಬ) = −2666. ಡ ತೆಗೆಯಿರಿ, ಬ ಹಾಕಿ. ಕ ಬಂತು. ತಿರುವು(ಅ, ಬ, ಕ) = 3316, ಎಡ, ಇರಲಿ. ಕೆಳಗಿನ ಅರ್ಧ: ಅ, ಬ, ಕ.

ಈಗ ಬಲದಿಂದ ಎಡಕ್ಕೆ ಅದನ್ನೇ ಮಾಡಿ. ಕ, ಬ ಹಾಕಿ. ಡ ಬಂದಾಗ −2002, ಬ ಹೋಯಿತು. ಇ ಬಂದಾಗ ನಮ್ಮ ಹಳೇ −1183, ಡ ಹೋಯಿತು. ಅ ಬಂದಾಗ 4446, ಇ ಉಳಿಯಿತು. ಮೇಲಿನ ಅರ್ಧ: ಕ, ಇ, ಅ. ಎರಡೂ ಸೇರಿಸಿದರೆ ಅ, ಬ, ಕ, ಇ. ಮುಗಿಯಿತು.

ಪ್ರತಿ ಸಲ ಹಿಂದಕ್ಕೆ ಹೋಗಿ ತೆಗೆಯುತ್ತಿದ್ದರೂ ಇದು ವೇಗ ಏಕೆ ಎಂದು ಕೇಳುತ್ತಾರೆ. ಒಂದು ಸುತ್ತಿನಲ್ಲಿ ಪ್ರತಿ ಬಿಂದು ಸ್ಟ್ಯಾಕ್‌ಗೆ ಒಮ್ಮೆ ಹೋಗುತ್ತದೆ, ಹೆಚ್ಚೆಂದರೆ ಒಮ್ಮೆ ಹೊರಬರುತ್ತದೆ. ತೆಗೆದದ್ದು ಮತ್ತೆ ಬರುವುದಿಲ್ಲ. ಖರ್ಚೆಲ್ಲ ಸಾರ್ಟಿಂಗ್‌ನದು.

ಇದಕ್ಕಿಂತ ವೇಗ ಸಾಧ್ಯವೇ? ಬೇಲಿಯ ಮೇಲೆ ಬರುವ ಮೂಲೆಗಳು ಕಡಿಮೆ ಇದ್ದರೆ ಹೌದು. 1973ರ ಜಾರ್ವಿಸ್ ವಿಧಾನ ಬಿಂದುಗಳ ಸಂಖ್ಯೆ ಗುಣಿಸು ಬೇಲಿಯ ಮೂಲೆಗಳ ಸಂಖ್ಯೆಯಷ್ಟು ಸಮಯ ತೆಗೆದುಕೊಳ್ಳುತ್ತದೆ. ತಿಮೋತಿ ಚಾನ್ 1996ರಲ್ಲಿ ಎರಡನ್ನೂ ಸೇರಿಸಿ ಇನ್ನೂ ಚೆಂದ ಮಾಡಿದರು. ಆದರೆ ನಮ್ಮ ಕೆಲಸಕ್ಕೆ ಆಂಡ್ರ್ಯೂ ಸಾಕು. ಬರೆಯಲು ಇಪ್ಪತ್ತು ಸಾಲು, ಓದಲು ಐದು ನಿಮಿಷ.

ಈಗ ಆ 1183. ಹಲ್‌ನ ಕ್ಷೇತ್ರಫಲ ಲೆಕ್ಕ ಹಾಕಿ: 7762ರ ಅರ್ಧ, 3881 ಚದರ ಮೀಟರ್. ಹೊಲದ್ದು 3289.5. ವ್ಯತ್ಯಾಸ 591.5, ಅಂದರೆ ಸರಿಯಾಗಿ 1183ರ ಅರ್ಧ. ಹಳ್ಳ ತಿಂದ ತ್ರಿಕೋನ ಅದು. ಗುಂಟೆಗೆ ತಂದರೆ ಆರಕ್ಕೆ ಸ್ವಲ್ಪ ಕಡಿಮೆ. ಸುತ್ತಲಿನ ಬಿಂದುಗಳಿಗೆ ಹಲ್ ಹಾಕಿ ಅದನ್ನೇ ಹೊಲದ ವಿಸ್ತೀರ್ಣ ಎಂದು ತೋರಿಸುವ ಪ್ರೋಗ್ರಾಂಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. 32 ಗುಂಟೆಯ ಹೊಲ 38 ಗುಂಟೆ ಎಂದು ತೋರಿದರೆ ಬೀಜ, ಗೊಬ್ಬರ, ಡ್ರಿಪ್ ಪೈಪು ಎಲ್ಲದರ ಖರ್ಚು ಅದರ ಮೇಲೆ ನಿಲ್ಲುತ್ತದೆ.

ದ್ರಾಕ್ಷಿ ತೋಟದ ಸಾಲು ಯಾವ ದಿಕ್ಕಿಗೆ ಹಾಕಬೇಕು ಎಂದು ನೋಡುವಾಗ ಹಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜಾಗವನ್ನು ಒಳಗೊಳ್ಳುವ ಅತಿ ಸಣ್ಣ ಆಯತದ ಒಂದು ಬದಿ ಹಲ್‌ನ ಒಂದು ಅಂಚಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಅಂಚುಗಳಷ್ಟೇ ಆಯತ ಪರೀಕ್ಷಿಸಿದರೆ ಸಾಕು.

ಅತಿ ಹತ್ತಿರದ ಜೋಡಿ

ಡ್ರೋನ್ ಫೋಟೋಗಳು ಒಂದರ ಮೇಲೊಂದು ಬಂದಾಗ ಒಂದೇ ನಿಂಬೆ ಗಿಡ ಎರಡು ಸಲ ಗುರುತಾಗುತ್ತದೆ. ಗಿಡಗಳ ನಡುವೆ ಆರು ಮೀಟರ್ ಅಂತರವಿಟ್ಟ ತೋಟದಲ್ಲಿ ಎರಡು ಬಿಂದು ಒಂದು ಮೀಟರ್ ದೂರದಲ್ಲಿದ್ದರೆ ಅದು ಒಂದೇ ಗಿಡ. ಹುಡುಕುವುದು ಹೇಗೆ? 20,000 ಬಿಂದುಗಳಿಗೆ ಎಲ್ಲ ಜೋಡಿ ನೋಡಿದರೆ ಹತ್ತಿರಹತ್ತಿರ 20 ಕೋಟಿ ಲೆಕ್ಕ. ಎನ್ ಲಾಗ್ ಎನ್ ಆದರೆ ಮೂರು ಲಕ್ಷದ ಆಸುಪಾಸು.

ಶಾಮೋಸ್ ಮತ್ತು ಹೋಯಿ 1975ರಲ್ಲಿ ಕೊಟ್ಟ ದಾರಿ ಇದು. ಎಕ್ಸ್ ಪ್ರಕಾರ ಸಾರ್ಟ್ ಮಾಡಿ, ನಡುವೆ ಗೆರೆ ಎಳೆದು ಎರಡು ಪಾಲು ಮಾಡಿ. ಎರಡೂ ಪಾಲಿನಲ್ಲಿ ಅದೇ ಅಲ್ಗಾರಿದಂ ಓಡಿಸಿ ಕಡಿಮೆ ದೂರ ತೆಗೆಯಿರಿ. ಎರಡರಲ್ಲಿ ಸಣ್ಣದನ್ನು 'ದ' ಎನ್ನೋಣ. ಉಳಿದದ್ದು ಗೆರೆಯ ಆಚೆ ಒಂದು, ಈಚೆ ಒಂದು ಇರುವ ಜೋಡಿಗಳು. ಅವು 'ದ'ಗಿಂತ ಹತ್ತಿರ ಇರಬೇಕಾದರೆ ಗೆರೆಯ ಎರಡೂ ಬದಿಗೆ 'ದ' ಅಗಲದ ಪಟ್ಟೆಯೊಳಗೇ ಇರಬೇಕು. ಪಟ್ಟೆಯ ಬಿಂದುಗಳನ್ನು ವೈ ಪ್ರಕಾರ ಜೋಡಿಸಿ, ಪ್ರತಿಯೊಂದನ್ನೂ ಅದರ ಮುಂದಿನ ಏಳರ ಜೊತೆ ಮಾತ್ರ ಹೋಲಿಸಿ.

ಏಳೇ ಏಕೆ? ಬಿಂದುವಿನ ಮಟ್ಟದಿಂದ ಮೇಲಕ್ಕೆ 'ದ' ಎತ್ತರ, ಎರಡು 'ದ' ಅಗಲದ ಆಯತ ಬರೆಯಿರಿ. ಅದನ್ನು ಅರ್ಧ 'ದ' ಬದಿಯ ಎಂಟು ಚೌಕ ಮಾಡಿ. ಪ್ರತಿ ಚೌಕವೂ ಗೆರೆಯ ಒಂದೇ ಬದಿಗಿದೆ, ಅದರ ಕರ್ಣ 'ದ'ಗಿಂತ ಕಡಿಮೆ. ಒಂದು ಚೌಕದಲ್ಲಿ ಎರಡು ಬಿಂದು ಇದ್ದಿದ್ದರೆ ಅವು 'ದ'ಗಿಂತ ಹತ್ತಿರ ಇರುತ್ತಿದ್ದವು, ಆ ಬದಿಯ ಉತ್ತರ 'ದ'ಗಿಂತ ಸಣ್ಣದಾಗುತ್ತಿತ್ತು. ಅದು ಸಾಧ್ಯವಿಲ್ಲ. ಹಾಗಾಗಿ ಎಂಟು ಚೌಕಕ್ಕೆ ಹೆಚ್ಚೆಂದರೆ ಎಂಟು ಬಿಂದು. ನಮ್ಮದನ್ನು ಬಿಟ್ಟರೆ ಏಳು. ಈ ಮಾತನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡದೆ ಮುಂದೆ ಹೋಗಬೇಡಿ.

ದೂರ ಹೋಲಿಸುವಾಗ ವರ್ಗಮೂಲ ತೆಗೆಯಬೇಡಿ. ದೂರದ ವರ್ಗಗಳನ್ನೇ ಹೋಲಿಸಿದರೆ ಪೂರ್ಣಾಂಕದಲ್ಲೇ ಉಳಿಯುತ್ತೀರಿ.

ಇಷ್ಟು ಹೇಳಿಯೂ, ನಿಂಬೆ ಗಿಡದ ಕೆಲಸಕ್ಕೆ ನಾನು ಬಳಸುವುದು ಗ್ರಿಡ್. ಎಷ್ಟು ದೂರದೊಳಗೆ ಹುಡುಕಬೇಕು ಎಂದು ಮೊದಲೇ ಗೊತ್ತಿದೆಯಲ್ಲ, ಎರಡು ಮೀಟರ್ ಎನ್ನೋಣ. ಜಾಗವನ್ನೆಲ್ಲ 200 ಸೆಂಟಿಮೀಟರ್ ಚೌಕಗಳಾಗಿ ಮಾಡಿ. ಪ್ರತಿ ಬಿಂದುವಿನ ಎಕ್ಸ್, ವೈ ಎರಡನ್ನೂ 200ರಿಂದ ಭಾಗಿಸಿ, ಶೇಷ ಬಿಟ್ಟು, ಬಂದ ಪೂರ್ಣಾಂಕಗಳ ಜೋಡಿಯನ್ನು ಡಿಕ್ಷನರಿಯ ಕೀ ಮಾಡಿ. ಪ್ರತಿ ಬಿಂದುವಿಗೂ ತನ್ನ ಚೌಕ, ಸುತ್ತಲಿನ ಎಂಟು ಚೌಕ ನೋಡಿದರೆ ಮುಗಿಯಿತು. ಗಿಡಗಳು ಆರು ಮೀಟರ್‌ಗೊಂದು ಇರುವುದರಿಂದ ಚೌಕದಲ್ಲಿ ಗುಂಪು ಸೇರುವುದಿಲ್ಲ. ಸಾರ್ಟ್ ಕೂಡ ಬೇಡ. ಒಂದು ಮಾತು ನೆನಪಿರಲಿ: ಜಾವಾ, ಸಿ ಪ್ಲಸ್ ಪ್ಲಸ್‌ನಲ್ಲಿ −50 ಭಾಗಿಸು 200, 50 ಭಾಗಿಸು 200, ಎರಡಕ್ಕೂ ಸೊನ್ನೆಯೇ ಬರುತ್ತದೆ. ಸೊನ್ನೆಯ ಆಚೀಚೆಯ ಎರಡು ಚೌಕ ಒಂದಾಗಿಬಿಡುತ್ತವೆ. ಮೂಲಬಿಂದುವನ್ನು ಎಲ್ಲ ಗಿಡಗಳಿಗಿಂತ ಕೆಳಗೆ, ಎಡಕ್ಕೆ ಇಟ್ಟುಕೊಂಡರೆ ಮೈನಸ್ ಬರುವುದೇ ಇಲ್ಲ.

ಗೆರೆಗಳು ಒಂದನ್ನೊಂದು ದಾಟುತ್ತವೆಯೇ

ಬದು ಸುತ್ತುವಾಗ ಎರಡು ಮೂಲೆಗಳ ಕ್ರಮ ತಪ್ಪಿದರೆ ಹೊಲ ಎಂಟರ ಆಕಾರವಾಗುತ್ತದೆ. ಆಗ ಕ್ಷೇತ್ರಫಲದ ಲೆಕ್ಕ ಉತ್ತರವನ್ನೇನೋ ಕೊಡುತ್ತದೆ, ಸುಳ್ಳು ಉತ್ತರ. ಹಾಗಾಗಿ ಮೊದಲು ಅಂಚುಗಳು ದಾಟುತ್ತವೆಯೇ ನೋಡಬೇಕು. ಅ-ಬ ಮತ್ತು ಕ-ಡ ಎಂಬ ಯಾವುದೇ ಎರಡು ಗೆರೆಗಳು ದಾಟಬೇಕಾದರೆ ಕ, ಡ ಎರಡೂ ಅ-ಬ ಗೆರೆಯ ಬೇರೆಬೇರೆ ಬದಿಗಿರಬೇಕು, ಅ, ಬ ಎರಡೂ ಕ-ಡ ಗೆರೆಯ ಬೇರೆಬೇರೆ ಬದಿಗಿರಬೇಕು. ನಾಲ್ಕು ತಿರುವು, ಅಷ್ಟೇ. ಯಾವುದಾದರೂ ಸೊನ್ನೆ ಬಂದರೆ ಆ ಬಿಂದು ಇನ್ನೊಂದು ಗೆರೆಯ ಎರಡು ತುದಿಗಳ ನಡುವೆ ಬರುತ್ತದೆಯೇ ಎಂದು ಎಕ್ಸ್, ವೈ ಮಿತಿ ನೋಡಿ.

ಇಪ್ಪತ್ತು ಅಂಚಿನ ಹೊಲಕ್ಕೆ 190 ಜೋಡಿ. ಸುಮ್ನೆ ಎಲ್ಲ ನೋಡಿಬಿಡಿ. ಊರಿನ ಎಲ್ಲ ಬದು, ಎಲ್ಲ ಪೈಪ್‌ಲೈನ್ ಸೇರಿ ಲಕ್ಷ ಗೆರೆಗಳಾದಾಗ ಸ್ವೀಪ್ ಲೈನ್ ಬೇಕು. ಕುಂಟೆ ಹೊಡೆಯುವಾಗ ಅಲಗು ಹೊಲದ ಈ ಅಂಚಿನಿಂದ ಆ ಅಂಚಿಗೆ ಸಾಗುತ್ತದೆ, ಅದಕ್ಕೆ ತಗುಲಿದ ಕಸವಷ್ಟೇ ಆಗಿನ ಕೆಲಸ. ಇಲ್ಲೂ ಒಂದು ನೆಟ್ಟಗಿನ ಗೆರೆ ಎಡದಿಂದ ಬಲಕ್ಕೆ ಸಾಗುತ್ತದೆ. ಅದಕ್ಕೆ ಈಗ ತಗುಲಿರುವ ಗೆರೆಗಳನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ಕ್ರಮದಲ್ಲಿ ಒಂದು ಸಮತೋಲನದ ಮರದಲ್ಲಿ ಇಟ್ಟುಕೊಳ್ಳಿ. ಹೊಸ ಗೆರೆ ಶುರುವಾದರೆ ಅದರ ಮೇಲಿನ, ಕೆಳಗಿನ ನೆರೆಯ ಜೊತೆ ಪರೀಕ್ಷೆ ಮಾಡಿ. ಗೆರೆ ಮುಗಿದರೆ ತೆಗೆದು, ಈಗ ಹೊಸದಾಗಿ ಅಕ್ಕಪಕ್ಕ ಬಂದ ಎರಡನ್ನು ಪರೀಕ್ಷೆ ಮಾಡಿ. ದಾಟುವ ಎರಡು ಗೆರೆಗಳು ದಾಟುವ ಮೊದಲು ಅಕ್ಕಪಕ್ಕ ಬರಲೇಬೇಕು. ಎಲ್ಲ ಜೋಡಿ ನೋಡದೆಯೂ ಒಂದಾದರೂ ಛೇದ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಅಲ್ಲಿಂದ ಬರುತ್ತದೆ.

"ಒಂದಾದರೂ ದಾಟುತ್ತದೆಯೇ" ಎಂಬಷ್ಟಕ್ಕೆ 1976ರ ಶಾಮೋಸ್-ಹೋಯಿ ಸಾಕು, ಎನ್ ಲಾಗ್ ಎನ್. ಎಲ್ಲ ಛೇದ ಬೇಕಾದರೆ 1979ರ ಬೆಂಟ್ಲಿ-ಓಟ್‌ಮನ್. ಮೊದಲನೆಯದನ್ನು ನೀವೇ ಬರೆಯಿರಿ. ಎರಡನೆಯದನ್ನು ಅರ್ಥ ಮಾಡಿಕೊಳ್ಳಿ, ಆದರೆ ಕೆಲಸಕ್ಕೆ ಲೈಬ್ರರಿ ಬಳಸಿ. ಕಾರಣ ಇದೆ: ಛೇದದ ಬಿಂದು ಪೂರ್ಣಾಂಕವಾಗಿ ಉಳಿಯುವುದಿಲ್ಲ, ಭಿನ್ನರಾಶಿಯಾಗುತ್ತದೆ. ಅದನ್ನು ದಶಾಂಶಕ್ಕೆ ಇಳಿಸಿದ ಕೂಡಲೇ ಮರದ ಕ್ರಮ ಅಲ್ಲಲ್ಲಿ ಅದಲುಬದಲಾಗಿ ಇಡೀ ಲೆಕ್ಕ ಕುಸಿಯಬಹುದು. ಪೈಥಾನ್‌ನ ಫ್ರ್ಯಾಕ್ಷನ್ ಬಳಸಿದರೆ ನಿಖರ ಉಳಿಯುತ್ತದೆ, ನಿಧಾನವಾಗುತ್ತದೆ. ದಶಾಂಶದಲ್ಲೇ ಇರಬೇಕಾದವರಿಗೆ ಜೊನಾಥನ್ ಶ್ಯೂಚಕ್ 1997ರಲ್ಲಿ ಪ್ರಕಟಿಸಿದ ವಿಧಾನವಿದೆ. ಸಾಮಾನ್ಯ ಲೆಕ್ಕ ಸಂಶಯಕ್ಕೆ ಬಿದ್ದಾಗ ಮಾತ್ರ ಅದು ಹೆಚ್ಚು ನಿಖರತೆಗೆ ಹೋಗುತ್ತದೆ.

ಹತ್ತಿರದ್ದು ಯಾವುದು

ಯಾವ ಹೊಲಕ್ಕೆ ಯಾವ ಮಳೆ ಮಾಪಕ ಹತ್ತಿರ? ಪ್ರತಿ ಮಾಪಕಕ್ಕೂ ಅದಕ್ಕೇ ಹತ್ತಿರವಿರುವ ಜಾಗವನ್ನು ಹಂಚಿದರೆ ಬರುವ ನಕ್ಷೆ ವೊರೊನಾಯ್. ಮಳೆ ಲೆಕ್ಕಕ್ಕೆ ಇದನ್ನು 1911ರಲ್ಲೇ ಥೀಸೆನ್ ಬಳಸಿದ್ದರು, ಅದಕ್ಕೇ ನೀರಾವರಿ ಎಂಜಿನಿಯರ್‌ಗಳು ಇದನ್ನು ಥೀಸೆನ್ ಪಾಲಿಗಾನ್ ಎನ್ನುತ್ತಾರೆ. ಫಾರ್ಚೂನ್ 1986ರಲ್ಲಿ ಇದಕ್ಕೂ ಸ್ವೀಪ್ ಲೈನ್ ತಂದು ಎನ್ ಲಾಗ್ ಎನ್‌ಗೆ ಇಳಿಸಿದರು. ನಕ್ಷೆ ಬೇಡ, ಹತ್ತಿರದ್ದು ಮಾತ್ರ ಬೇಕು ಎಂದರೆ ಬೆಂಟ್ಲಿ 1975ರಲ್ಲಿ ಕೊಟ್ಟ, ಬಿಂದುಗಳನ್ನು ಮತ್ತೆ ಮತ್ತೆ ಎರಡು ಪಾಲು ಮಾಡುತ್ತಾ ಕಟ್ಟುವ ಕೆ-ಡಿ ಟ್ರೀ ಸಾಕು. ಎರಡೂ ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಸಿದ್ಧವಾಗಿವೆ.

ಪರೀಕ್ಷೆ ಮಾಡುವುದು

ಇದಕ್ಕೆ ನಮ್ಮೂರಿನದೇ ಒಂದು ಲೆಕ್ಕ ಕೊಡುತ್ತೇನೆ. ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ಗುಮ್ಮಟವನ್ನು ಹೊತ್ತ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು, ತಿರುಗಿಸಿಟ್ಟ ಎರಡು ಚೌಕಗಳ ಹಾಗೆ ಹೆಣೆದುಕೊಂಡಿವೆ. ಅದೇ ಆಕಾರವನ್ನು ಪೂರ್ಣಾಂಕದಲ್ಲಿ ಮಾಡಿಕೊಳ್ಳಿ. ಒಂದು ಚೌಕದ ಮೂಲೆಗಳು (10, 10), (−10, 10), (−10, −10), (10, −10). ಇನ್ನೊಂದರದ್ದು (14, 0), (0, 14), (−14, 0), (0, −14).

ಛೇದ ಹುಡುಕಿದರೆ ಸರಿಯಾಗಿ ಎಂಟು ಸಿಗಬೇಕು: (10, 4), (4, 10), (−4, 10), (−10, 4), (−10, −4), (−4, −10), (4, −10), (10, −4). ಆ ಎಂಟು ಬಿಂದುಗಳ ಕ್ಷೇತ್ರಫಲ 328. ದೊಡ್ಡ ಚೌಕದ 400ರಿಂದ ನಾಲ್ಕು ಮೂಲೆಯ 18, 18 ಕಳೆದರೆ ಅಷ್ಟೇ ಬರುತ್ತದೆ, ಕೈಲೆಕ್ಕದಲ್ಲೂ ಸಿಗುತ್ತದೆ. ಎರಡೂ ಚೌಕದ ಮೂಲೆಗಳಿಗೆ ಹಲ್ ಹಾಕಿದರೆ ಎಂಟೂ ಉಳಿಯಬೇಕು. ಹದಿನಾರು ಬಿಂದುಗಳನ್ನೂ ಕೊಟ್ಟರೂ ಹಲ್ ಅದೇ ಎಂಟು. (0, 0) ಎರಡರ ಒಳಗೂ ಇರಬೇಕು, ಅದರ ಬಲಗಡೆಯ ಗೆರೆ (14, 0) ಮೂಲೆಗೇ ಬಡಿಯುವುದರಿಂದ ಮೇಲೆ ಹೇಳಿದ ನಿಯಮದ ಪರೀಕ್ಷೆಯೂ ಆಗುತ್ತದೆ. (9, 9) ಮೊದಲ ಚೌಕದ ಒಳಗೆ, ಎರಡನೆಯದರ ಹೊರಗೆ.

ಇದು ಪಾಸಾದ ಮೇಲೆ ಯಾದೃಚ್ಛಿಕ ಬಿಂದುಗಳನ್ನು ಹಾಕಿ, ವೇಗದ ಅಲ್ಗಾರಿದಂನ ಉತ್ತರವನ್ನು ಎಲ್ಲ ಜೋಡಿ ನೋಡುವ ನಿಧಾನದ ಪ್ರೋಗ್ರಾಂನ ಉತ್ತರದ ಜೊತೆ ಹೋಲಿಸಿ. ಬಿಂದುಗಳನ್ನು ಸಾವಿರ ಸಾವಿರ ದೂರದಲ್ಲಿ ಹರಡಬೇಡಿ. 0 ರಿಂದ 5ರ ಒಳಗಿನ ಪೂರ್ಣಾಂಕಗಳನ್ನೇ ಬಳಸಿ, ಏಳೆಂಟು ಬಿಂದು ಸಾಕು. ಅಷ್ಟು ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಕೂತ ಬಿಂದುಗಳು, ಒಂದೇ ಗೆರೆಯ ಮೇಲಿನ ಮೂರು ಬಿಂದುಗಳು, ಒಂದೇ ಎಕ್ಸ್ ಇರುವವು ಎಲ್ಲ ತಾವಾಗಿಯೇ ಬರುತ್ತವೆ. ತಪ್ಪು ಅಡಗಿರುವುದು ಅಲ್ಲೇ. ಸಾವಿರಾರು ಸಲ ಓಡಿಸಿ. ಎಲ್ಲಾದರೂ ಎರಡು ಉತ್ತರ ಬೇರೆ ಬಂದರೆ ಆ ಏಳೆಂಟು ಬಿಂದುಗಳನ್ನು ಕಾಗದದ ಮೇಲೆ ಇಟ್ಟು, ಪ್ರತಿ ತಿರುವನ್ನೂ ಕೈಯಿಂದಲೇ ಲೆಕ್ಕ ಹಾಕಿ ನೋಡಿ. ಆ ನಿಧಾನದ ಪ್ರೋಗ್ರಾಂ ಅನ್ನು ಅಳಿಸಬೇಡಿ, ಕೋಡ್ ಬದಲಾದಾಗಲೆಲ್ಲ ಅದು ಮತ್ತೆ ಬೇಕಾಗುತ್ತದೆ.